ನೇರಳಕ್ಕನ ಎಡಗೈ ಹೆಬ್ಬೆರಳು

ಹಾಜರಿ ಪುಸ್ತಕ ಬಿಟ್ಟರೆ ಅವಳ ನಿಜವಾದ ಹೆಸರು ಬೇರೆಲ್ಲೂ ಬಳಕೆಯಲ್ಲಿರಲಿಲ್ಲ. ನಮ್ಮ ಲ್ಯಾಬಿನಲ್ಲಿ ಎಲ್ಲರಿಗೂ ಅವಳು ನೇರಳಕ್ಕ. ದಿನವಿಡೀ ಅಂಗೈಯಗಲದ ಪ್ಲಾಸ್ಟಿಕ್ ತಟ್ಟೆಗಳಿಗೆ ನೇರಳೆ ಬಣ್ಣ ಹುಯ್ದು, ತೊಳೆದು, ದೀಪಕ್ಕೆ ಹಿಡಿದು ನೋಡುವುದು ಅವಳ ಕೆಲಸ. ಎಷ್ಟು ಜಾಗ್ರತೆ ಮಾಡಿದರೂ ಆ ಬಣ್ಣ ಉಗುರಿನ ಸಂದಿ ಸೇರಿಬಿಡುತ್ತಿತ್ತು. ನಾನು ಅದೇ ಲ್ಯಾಬಿನಲ್ಲಿ ಗಾಜಿನ ಸಾಮಾನು ತೊಳೆದು, ದೊಡ್ಡ ಹಬೆಯ ಯಂತ್ರದಲ್ಲಿಟ್ಟು ಬೇಯಿಸಿ ಶುದ್ಧ ಮಾಡುವವನು. ನನಗೆ ಕುಕ್ಕರ್ ಅಂತ ಹೆಸರಿಟ್ಟಿದ್ದು ಅವಳೇ. ಅವಳಿಗೆ ನೇರಳಕ್ಕ ಅಂತ ಹೆಸರಿಟ್ಟಿದ್ದು ನಾನು. ಲೆಕ್ಕ ಚುಕ್ತಾ.

ನಮ್ಮ ಲ್ಯಾಬಿನಲ್ಲಿ ಸಿಡುಬಿನ ಕುಲದ ವೈರಸ್‌ಗಳ ಮೇಲೆ ಕೆಲಸ ನಡೆಯುತ್ತಿತ್ತು. ಸಿಡುಬೇ ಅಲ್ಲ, ಅದು ಭೂಮಿಯ ಮೇಲಿಂದ ಹೋಗಿ ಎಷ್ಟೋ ಕಾಲವಾಯಿತು. ಹಿಂದೆ ಸಿಡುಬಿನ ಲಸಿಕೆಗೆ ಬಳಸುತ್ತಿದ್ದರಲ್ಲ, ಅದರ ದಾಯಾದಿ ವೈರಸ್ಸು, ಅದರ ಒಂದು ಚುರುಕಾದ ತಳಿ. ಗಟ್ಟಿಮುಟ್ಟಾದವರಿಗೆ ತಗುಲಿದರೆ ತಗುಲಿದ ಕಡೆ ಒಂದು ಹುಣ್ಣಾಗಿ, ಒಣಗಿ, ಉದುರಿಹೋಗುತ್ತದೆ. ಆದರೆ ಮೈಯಲ್ಲಿ ಇಸುಬು ಇರುವವರಿಗೆ ತಗುಲಿದರೆ ಆ ಒಡೆದ ಚರ್ಮದ ಮೇಲೆಲ್ಲ ಹರಡಿ ಪ್ರಾಣಕ್ಕೇ ಕುತ್ತು ಬರಬಹುದು. ಇದು ಗುಟ್ಟಿನ ಮಾತೇನಲ್ಲ. ಲ್ಯಾಬಿನ ಬಾಗಿಲ ಮೇಲೆ ಅಂಟಿಸಿದ್ದ ನಿಯಮಗಳಲ್ಲಿ ನಾಲ್ಕನೆಯದೇ ಅದು.

ಹೊಸದಾಗಿ ಸೇರಿದವರಿಗೆಲ್ಲ ಪಾಠ ಹೇಳುತ್ತಿದ್ದವಳು ನೇರಳಕ್ಕ. ದೊಡ್ಡ ಪದವಿ ಪಡೆದು ಬಂದವರೂ ಮೊದಲ ವಾರ ಅವಳ ಪಕ್ಕದ ಸ್ಟೂಲಿನ ಮೇಲೆ ಕೂರಲೇಬೇಕು. ನಾನು ಕೇಳಿ ಕೇಳಿ ಬಾಯಿಪಾಠ ಮಾಡಿಕೊಂಡಿದ್ದೆ.

"ಮೈಯೊಳಗಿನ ಒಂದು ಕೋಶಕ್ಕೆ ವೈರಸ್ ನುಗ್ಗಿತು ಅಂದ್ಕೋ. ಅದು ಸಾಯೋ ಮುಂಚೆ ಅಕ್ಕಪಕ್ಕದೋರಿಗೆ ಕೂಗಿ ಹೇಳುತ್ತೆ, ಕಳ್ಳ ಬಂದಿದಾನೆ, ಬಾಗಿಲು ಹಾಕ್ಕೊಳ್ಳಿ ಅಂತ. ಆ ಕೂಗು ಅಂದ್ರೆ ಒಂದು ಪ್ರೋಟೀನು. ಅದನ್ನ ಹಿಡಿಯೋಕೆ ಪಕ್ಕದ ಕೋಶದ ಮೈಮೇಲೆ ಕಿವಿಗಳಿರ್ತವೆ. ಈ ನಮ್ಮ ವೈರಸ್ಸು ಏನು ಮಾಡುತ್ತೆ ಗೊತ್ತಾ? ಥೇಟ್ ನಮ್ಮ ಕಿವಿಗಳ ಹಾಗೇ ಇರೋ ಸುಳ್ಳು ಕಿವಿಗಳನ್ನ ತಯಾರಿಸಿ ಹೊರಗೆ ಚೆಲ್ಲುತ್ತೆ. ಕೂಗೆಲ್ಲ ಹೋಗಿ ಆ ಸುಳ್ಳು ಕಿವಿಗೆ ಅಂಟಿಕೊಳ್ಳುತ್ತೆ. ನಿಜವಾದ ಕಿವಿಗೆ ಏನೂ ಬೀಳಲ್ಲ. ಪಕ್ಕದ ಮನೆಯೋರು ಬಾಗಿಲು ತೆಗೆದಿಟ್ಟು ಆರಾಮಾಗಿ ಕೂತಿರ್ತಾರೆ."

"ಅಷ್ಟೇನಾ?" ಅಂತ ಯಾರಾದರೂ ಕೇಳಿದರೆ ಮುಗೀತು, ಅವಳಿಗೆ ಹುರುಪು ಬರುತ್ತಿತ್ತು. "ಅಷ್ಟೇನಾ ಅಂತೀಯಲ್ಲ! ತನ್ನ ಸುಳಿವು ಕೊಡೋ ಆರ್‌ಎನ್‌ಎ ತುಣುಕುಗಳನ್ನ ಮುಚ್ಚಿಹಾಕೋಕೆ ಒಂದು ಪ್ರೋಟೀನು. ಬಿಳಿ ರಕ್ತಕಣಗಳನ್ನ ಕರೆಯೋ ಸಂದೇಶ ದಾರಿಯಲ್ಲೇ ಹಿಡಿದಿಡೋಕೆ ಇನ್ನೊಂದು. ಕೋಶ ತಾನಾಗೇ ಸತ್ತು ವೈರಸ್ಸನ್ನೂ ಸಾಯಿಸೋಣ ಅಂದ್ರೆ, ಅದಕ್ಕೂ ಬಿಡದ ಹಾಗೆ ಮತ್ತೊಂದು. ಇನ್ನೂರು ಚಿಲ್ಲರೆ ಜೀನಿದೆ ಇದಕ್ಕೆ. ಅದರಲ್ಲಿ ಎಷ್ಟೋ ಇಂಥ ಕಿತಾಪತಿಗೇ ಮೀಸಲು."

ನಮ್ಮ ಮುಖ್ಯಸ್ಥರ ಸಂಶೋಧನೆಯೂ ಇದೇ. ಅವರನ್ನು ಎಲ್ಲರೂ ಸರ್ ಅಂತಲೇ ಕರೆಯುತ್ತಿದ್ದೆವು. ಸುಳ್ಳು ಕಿವಿ ತಯಾರಿಸುವ ಜೀನನ್ನು ಕತ್ತರಿಸಿ ತೆಗೆದ ವೈರಸ್ಸು ಒಂದು ಕಡೆ, ಎಲ್ಲ ಜೀನೂ ಇರುವ ಪೂರ್ತಿ ವೈರಸ್ಸು ಇನ್ನೊಂದು ಕಡೆ. ಎರಡನ್ನೂ ತಟ್ಟೆಯಲ್ಲಿ ಬೆಳೆಸಿದ ಕೋಶಗಳ ಹಾಸಿನ ಮೇಲೆ, ಆಮೇಲೆ ಇಲಿಗಳ ಮೇಲೆ ಪರೀಕ್ಷೆ ಮಾಡುವುದು. ಬದುಕಿದ ಕೋಶ ಬಣ್ಣ ಹೀರುತ್ತದೆ. ವೈರಸ್ ತಿಂದು ಹಾಕಿದ ಕಡೆ ಬಿಳಿ ತೂತು ಉಳಿಯುತ್ತದೆ. ಆ ತೂತುಗಳನ್ನು ನೇರಳಕ್ಕ ಎಣಿಸಬೇಕು. ಇಪ್ಪತ್ತಾರು ವರ್ಷ ಎಣಿಸಿದಳು. ಅಷ್ಟು ವರ್ಷದಲ್ಲಿ ಅವಳ ಕೈಗೆ ಒಂದು ಗೀರು ಬಿದ್ದಿರಲಿಲ್ಲ. ಅದರ ಹೆಮ್ಮೆ ಅವಳಿಗೆ ಬೆಟ್ಟದಷ್ಟಿತ್ತು. ಯಾರಾದರೂ ಸೂಜಿಯನ್ನು ಎರಡು ಬೆರಳಲ್ಲಿ ಸಡಿಲವಾಗಿ ಹಿಡಿದರೆ, "ನಾನು ನಿವೃತ್ತಿ ಆದ ಮೇಲೆ ಚುಚ್ಚಿಸ್ಕೋ, ನನ್ನ ಕಾಲದಲ್ಲಿ ಬೇಡ" ಅನ್ನುತ್ತಿದ್ದಳು.

ಅವಳಿಗೆ ಮದುವೆಯಾಗಿರಲಿಲ್ಲ. ತಂಗಿ, ತಂಗಿಯ ಗಂಡನ ಜೊತೆ ಒಂದೇ ಮನೆಯಲ್ಲಿದ್ದಳು. ಮೂರನೇ ಮಹಡಿ, ಎರಡು ಕೋಣೆ, ಬಟ್ಟೆ ಒಣಗಿಸಲು ಒಂದು ಗೇಣಗಲದ ಬಾಲ್ಕನಿ. ತಂಗಿಗೆ ಬಹಳ ತಡವಾಗಿ ಹುಟ್ಟಿದ ಮಗಳೊಬ್ಬಳು. ನಾನು ಹೇಳುತ್ತಿರುವ ಕಾಲಕ್ಕೆ ಆರು ವರ್ಷ. ಆ ಮಗುವಿಗೆ ಹುಟ್ಟಿದ ಮೂರನೇ ತಿಂಗಳಿಂದ ಇಸುಬು. ಮೊಣಕೈ ಮಡಿಕೆ, ಮಂಡಿಯ ಹಿಂಭಾಗ, ಕತ್ತು, ಕೆನ್ನೆ ಎಲ್ಲ ಕೆಂಪಾಗಿ ಬಿರಿದಿರುತ್ತಿತ್ತು. ಸಂಜೆ ಸ್ನಾನವಾದ ಮೇಲೆ ಮೈಗೆಲ್ಲ ಮುಲಾಮು ಹಚ್ಚಬೇಕು. ಅಮ್ಮ ಮುಟ್ಟಿದರೆ ಕೂಗಿ ಬೊಬ್ಬೆ ಹಾಕುತ್ತಿದ್ದ ಮಗು ದೊಡ್ಡಮ್ಮನ ಕೈಗೆ ಮಾತ್ರ ತೆಪ್ಪಗೆ ಮೈ ಒಡ್ಡುತ್ತಿತ್ತು. "ಅವಳ ಕೈಯಲ್ಲಿ ಅದೇನಿದೆಯೋ" ಅಂತ ತಂಗಿ ಹೊಟ್ಟೆಕಿಚ್ಚಿನಿಂದಲೇ ಹೇಳುತ್ತಿದ್ದಳಂತೆ.

ಲ್ಯಾಬಿನವರಿಗೆಲ್ಲ ಮತ್ತೊಮ್ಮೆ ಲಸಿಕೆ ಹಾಕಿಸುವ ಏರ್ಪಾಡು ಒಂದು ಸಲ ನಡೆದಿತ್ತು. ಆಗ ಮಗುವಿಗೆ ಎರಡು ವರ್ಷ. ಲಸಿಕೆ ಹಾಕಿದ ಕಡೆ ತೋಳಿನ ಮೇಲೆ ಹುಣ್ಣಾಗುತ್ತದೆ, ಆ ಹುಣ್ಣಿನಲ್ಲೂ ಜೀವಂತ ವೈರಸ್ ಇರುತ್ತದೆ. "ಮನೇಲಿ ಇಸುಬಿನ ಮಗು ಇದೆ, ನನಗೆ ಬೇಡ" ಅಂತ ನೇರಳಕ್ಕ ಬರೆದುಕೊಟ್ಟಳು. ಮನೆಗೆ ಬಂದು ತಂಗಿಗೂ ಅದನ್ನು ಬಿಡಿಸಿ ಹೇಳಿದ್ದಳು. ಅಂದರೆ ಅಪಾಯ ಏನು ಅನ್ನುವುದು ಅವಳಿಗೆ ಗೊತ್ತಿಲ್ಲದ್ದೇನಲ್ಲ. ನಮ್ಮೆಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು.

ಅವತ್ತು ಮಂಗಳವಾರ. ಹತ್ತೂವರೆ ಇರಬಹುದು. ನಾನು ತೊಳೆದ ಸಾಮಾನಿನ ಟ್ರೇ ಹೊತ್ತು ಒಳಗೆ ಹೋದೆ. ನೇರಳಕ್ಕ ನಲ್ಲಿಯ ಕೆಳಗೆ ಎಡಗೈ ಹಿಡಿದು ಹೆಬ್ಬೆರಳನ್ನು ಹಿಂಡುತ್ತಿದ್ದಳು. ಮೇಜಿನ ಮೇಲೆ ಇಲಿಯ ಪೆಟ್ಟಿಗೆ, ಪಕ್ಕದಲ್ಲಿ ಹರಿದ ಕೈಗವಸು. ಇಲಿ ಕೊಸರಿಕೊಂಡಿತ್ತು, ಸೂಜಿ ಎರಡು ಪದರ ಕೈಗವಸು ದಾಟಿ ಬೆರಳಿಗೆ ಇಳಿದಿತ್ತು. ಸಿರಿಂಜಿನಲ್ಲಿದ್ದದ್ದು ಪೂರ್ತಿ ವೈರಸ್ಸು.

"ಬಾಯಿ ಮುಚ್ಕೊಂಡು ಹೋಗು," ಅಂದಳು ನನ್ನನ್ನು ನೋಡಿ. ಮುಖ ಸುಣ್ಣದ ಹಾಗಾಗಿತ್ತು.

ಆಮೇಲೆ ಸರ್ ಕೋಣೆಗೆ ಹೋದಳು. ನಾನು ಹೊರಗೆ ಕಪಾಟಿಗೆ ಬಾಟಲಿ ಜೋಡಿಸುತ್ತಿದ್ದೆ. ಬಾಗಿಲು ಅರ್ಧ ತೆರೆದಿತ್ತು. ಒಂದೊಂದು ಮಾತೂ ಕೇಳಿಸಿತು.

"ಅಪಘಾತದ ಪುಸ್ತಕದಲ್ಲಿ ಬರೀಬೇಕು ಸರ್. ಡಾಕ್ಟರಿಗೂ ತೋರಿಸ್ಬೇಕು."

"ಬರೀಬೇಕು, ಯಾರು ಬೇಡ ಅಂದ್ರು? ಆದ್ರೆ ಬರೋ ಸೋಮವಾರದ ಮುಂದಿನ ಸೋಮವಾರ ಪರಿಶೀಲನೆಯೋರು ಬರ್ತಾರೆ. ಈಗ ಬರೆದ್ರೆ ಲ್ಯಾಬಿಗೆ ಬೀಗ. ನಾಲ್ಕು ವರ್ಷದ ಕೆಲಸ ನೀರುಪಾಲು. ನಿಮಗೆ ಚಿಕ್ಕಂದಿನಲ್ಲಿ ಹಾಕಿದ ಲಸಿಕೆ ಇದೆಯಲ್ಲ? ತೋಳಿನ ಮೇಲೆ ಕಲೆ ಇದೆಯಲ್ಲ?"

"ಅದು ಐವತ್ತು ವರ್ಷದ ಹಿಂದಿಂದು ಸರ್."

"ಒಂದು ಗುಳ್ಳೆ ಆದೀತು, ಹೋದೀತು. ನಿಮಗೆ ನಾನು ಹೇಳಿಕೊಡ್ಬೇಕಾ? ಮತ್ತೆ... ಇಪ್ಪತ್ತಾರು ವರ್ಷದಲ್ಲಿ ನಿಮ್ಮ ಹೆಸರಿಗೆ ಒಂದು ಕಪ್ಪುಚುಕ್ಕೆ ಇಲ್ಲ. ಈಗ್ಯಾಕೆ?"

"ಆಯ್ತು ಸರ್. ಪರಿಶೀಲನೆ ಆದ ಮೇಲೆ ಬರೀತೀನಿ," ಅಂದಳು.

ಸರ್ ಹೇಳಿದ್ದಕ್ಕೆ ಹೆದರಿ ಒಪ್ಪಿದಳು ಅಂತ ಆಮೇಲೆ ಕೆಲವರು ಕನಿಕರಪಟ್ಟರು. ಅದು ಸುಳ್ಳು. ಅವಳೇ ನನಗೆ ಹೇಳಿದ್ದಾಳೆ, ಕೊನೆಯ ಮಾತು ಅವಳಿಗೆ ನಾಟಿತ್ತು. ತನ್ನ ಕೈಗೂ ಸೂಜಿ ಚುಚ್ಚಿತು ಅಂತ ಆ ಹುಡುಗರೆಲ್ಲ ಓದುವುದು ಅವಳಿಗೆ ಬೇಡವಾಗಿತ್ತು.

ನಾಲ್ಕು ದಿನ ಏನೂ ಇಲ್ಲ. ಬಾವಿಲ್ಲ, ನೋವಿಲ್ಲ. ಐದನೇ ದಿನ ಒಂದು ಕೆಂಪು ಬೊಕ್ಕೆ. ಎಂಟನೇ ದಿನ ನೀರು ತುಂಬಿದ ಗುಳ್ಳೆ, ನಡುವೆ ಒಂದು ತಗ್ಗು. ಕಂಕುಳಲ್ಲಿ ಗಡ್ಡೆ. ಅವಳು ಅದರ ಮೇಲೆ ಬ್ಯಾಂಡೇಜ್ ಸುತ್ತಿಕೊಂಡು ಕೆಲಸಕ್ಕೆ ಬಂದಳು. ಮನೆಯಲ್ಲಿ ಬೇರೆ ಟವಲು, ಬೇರೆ ಸೋಪು, ಬೇರೆ ಹಾಸಿಗೆ. ತರಕಾರಿ ಹೆಚ್ಚುವಾಗ ಬೆರಳು ಕುಯ್ದುಕೊಂಡೆ ಅಂತ ಎಲ್ಲರಿಗೂ ಹೇಳಿದ್ದಳು. ಮಗುವಿಗೆ ಮುಲಾಮು ಹಚ್ಚುವುದನ್ನು ಮೊದಲ ದಿನದಿಂದಲೇ ನಿಲ್ಲಿಸಿದ್ದಳು. ತಂಗಿ ಹಚ್ಚಲು ಹೋದರೆ ಮಗು ಮನೆ ಸೂರು ಹಾರಿಹೋಗುವ ಹಾಗೆ ಅಳುತ್ತಿತ್ತು.

ಒಂಬತ್ತನೇ ದಿನ ಸಂಜೆ ಮಗು ಮಂಡಿಯ ಹಿಂದೆ ರಕ್ತ ಬರುವ ಹಾಗೆ ಕೆರೆದುಕೊಂಡಿತು. ತಂಗಿಗೆ ಸಾಕಾಗಿ ಹೋಗಿತ್ತು. "ಒಂದು ಬೆರಳಿಗೆ ಗಾಯ ಆದ್ರೆ ಇನ್ನು ಒಂಬತ್ತು ಬೆರಳಿಗೆ ಏನಾಗಿದೆ ನಿನಗೆ? ಬಾ ಅಕ್ಕ, ದಮ್ಮಯ್ಯ," ಅಂದಳು. ಆಗ ನಿಜ ಹೇಳಿದ್ದರೆ ಎಲ್ಲ ಅಲ್ಲಿಗೇ ನಿಲ್ಲುತ್ತಿತ್ತು. ನೇರಳಕ್ಕ ಹೇಳಲಿಲ್ಲ. ಬ್ಯಾಂಡೇಜಿನ ಮೇಲೆ ಇನ್ನೊಂದು ಸುತ್ತು ಸುತ್ತಿಕೊಂಡು, ಬಲಗೈಯಲ್ಲಿ ಮಾತ್ರ ಹಚ್ಚುತ್ತೇನೆ ಅಂದುಕೊಂಡು ಕೂತಳು. ಮಗು ಅವಳ ಮಡಿಲಿಗೆ ಬಿದ್ದು, ಅವಳ ಎಡಗೈಯನ್ನೇ ಎಳೆದುಕೊಂಡು ಕೆನ್ನೆಯ ಕೆಳಗೆ ಇಟ್ಟುಕೊಂಡು ಮಲಗಿತು. ಮುಲಾಮಿನ ಜಿಡ್ಡಿಗೆ ಬ್ಯಾಂಡೇಜಿನ ಅಂಟು ಬಿಟ್ಟಿತ್ತು. ಬೆಳಿಗ್ಗೆ ಅದು ಮಗುವಿನ ದಿಂಬಿನ ಪಕ್ಕ ಸಿಕ್ಕಿತು.

ಅದನ್ನು ಅವಳು ಕಾಗದದಲ್ಲಿ ಸುತ್ತಿ ಲ್ಯಾಬಿಗೆ ತಂದಳು. ಬೇಯಿಸಿ ಎಸೆಯಲು ನನ್ನ ಕೈಗೆ ಕೊಟ್ಟಳು. ನಾನು ಏನು ಎತ್ತ ಅಂತ ಕೇಳಲಿಲ್ಲ.

ಸೋಮವಾರ ಪರಿಶೀಲನೆಯವರು ಬಂದರು, ಪುಸ್ತಕಗಳನ್ನು ತಿರುವಿ ಹಾಕಿದರು, ಅಚ್ಚುಕಟ್ಟಾಗಿದೆ ಅಂತ ಹೊಗಳಿ ಹೋದರು. ಸರ್ ಎಲ್ಲರಿಗೂ ಕೇಕ್ ಹಂಚಿದರು. ಮಂಗಳವಾರ ನೇರಳಕ್ಕ ಅಪಘಾತದ ಪುಸ್ತಕ ಕೇಳಿದಾಗ, "ಅದು ಆಫೀಸಿನಲ್ಲಿದೆ, ಇನ್ನೂ ವಾಪಸ್ ಬಂದಿಲ್ಲ. ಅಷ್ಟಕ್ಕೂ ಗಾಯ ಒಣಗ್ತಾ ಇದೆಯಲ್ಲ?" ಅಂದರು. ಒಣಗುತ್ತಿದ್ದದ್ದು ನಿಜ.

ಗುರುವಾರ ಮಗುವಿಗೆ ಜ್ವರ. ಇಸುಬು ಕೀವಾಗಿದೆ ಅಂತ ರಸ್ತೆ ಕೊನೆಯ ಡಾಕ್ಟರು ಆ್ಯಂಟಿಬಯಾಟಿಕ್ ಕೊಟ್ಟರು. ಶನಿವಾರ ಬೆಳಿಗ್ಗೆ ತಂಗಿ ಮಗುವಿನ ಅಂಗಿ ತೆಗೆದು, "ಅಕ್ಕ, ಇಲ್ಲಿ ನೋಡು, ಇದೇನು ಹೀಗಾಗಿದೆ," ಅಂತ ಕೂಗಿದಳು. ನೇರಳಕ್ಕ ಬಾಗಿಲಲ್ಲೇ ನಿಂತು ನೋಡಿದಳು. ಕೆನ್ನೆ, ಕತ್ತು, ಮೊಣಕೈ, ಎಲ್ಲ ಕಡೆ ಒಂದೇ ಅಳತೆಯ ಗುಳ್ಳೆಗಳು. ಪ್ರತಿಯೊಂದರ ನಡುವೆಯೂ ತಗ್ಗು. ಹತ್ತಿರ ಹೋಗುವ ಅಗತ್ಯವೇ ಇರಲಿಲ್ಲ ಅಂತ ನನಗೆ ಹೇಳಿದಳು. ಹತ್ತು ದಿನದಿಂದ ತನ್ನ ಹೆಬ್ಬೆರಳಿನ ಮೇಲೆ ಕಂಡಿದ್ದು ಅದನ್ನೇ ತಾನೆ.

ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಸರ್‌ಗೆ ಫೋನ್ ಮಾಡಿದಳು.

"ಚಿಕನ್‌ಪಾಕ್ಸ್ ಇರಬಹುದು," ಅಂದರು ಅವರು. "ಇಸುಬಿನ ಮಕ್ಕಳಿಗೆ ಏನೇನೋ ಆಗ್ತಿರುತ್ತೆ. ಆತುರಪಟ್ಟು ಬಾಯಿಬಿಟ್ರೆ ನಿಮಗೂ ಕಷ್ಟ, ನನಗೂ ಕಷ್ಟ. ಸೋಮವಾರ ನಾನೇ ಬಂದು ನೋಡ್ತೀನಿ."

ಅವಳು ಕಾದಳು. ಚಿಕನ್‌ಪಾಕ್ಸ್ ಅಲ್ಲ ಅಂತ ಗೊತ್ತಿದ್ದೂ ಕಾದಳು. ಭಾನುವಾರ ಮಧ್ಯಾಹ್ನದ ಹೊತ್ತಿಗೆ ಮಗುವಿನ ಬಲಗಣ್ಣು ಊದಿ ಮುಚ್ಚಿಹೋಗಿತ್ತು. ಮಗುವನ್ನು ದೊಡ್ಡ ಆಸ್ಪತ್ರೆಗೆ ಸೇರಿಸಿದರು. ಅಲ್ಲಿ ಬೇರೆ ಯಾವುದೋ ವೈರಸ್ ಅಂದುಕೊಂಡು ಅದಕ್ಕೆ ತಕ್ಕ ಔಷಧಿ ಕೊಡುತ್ತಿದ್ದರು. ಸೋಮವಾರ ಬೆಳಿಗ್ಗೆ, ವಾರ್ಡಿನ ಹೊರಗೆ, ತಂಗಿ ಪಕ್ಕದಲ್ಲೇ ನಿಂತಿರುವಾಗ, ನೇರಳಕ್ಕ ಡಾಕ್ಟರಮ್ಮನನ್ನು ತಡೆದು ನಿಲ್ಲಿಸಿದಳು. ವೈರಸ್ಸಿನ ಹೆಸರು, ತಳಿ, ಸೂಜಿ ಚುಚ್ಚಿದ ದಿನ, ಬ್ಯಾಂಡೇಜು, ದಿಂಬು, ಎಲ್ಲವನ್ನೂ ತಟ್ಟೆಯ ಲೆಕ್ಕ ಒಪ್ಪಿಸುವ ಹಾಗೆ ಒಪ್ಪಿಸಿದಳು.

ಡಾಕ್ಟರಮ್ಮ ಒಂದೇ ಮಾತು ಕೇಳಿದರು: "ಇದನ್ನ ನಿನ್ನೆ ಯಾಕೆ ಹೇಳಲಿಲ್ಲ?"

ಡಾಕ್ಟರಮ್ಮ ಓಡಿದರು. ಹಿಂದೆ ಲಸಿಕೆ ಹಾಕಿಸಿಕೊಂಡವರ ರಕ್ತದಿಂದ ತೆಗೆದ ಪ್ರತಿಕಾಯಗಳ ಔಷಧಿ ಬೇಕಿತ್ತು. ಅದು ಇದ್ದದ್ದು ಬೇರೆ ಊರಿನ ಉಗ್ರಾಣದಲ್ಲಿ. ಬರಲು ಎರಡು ದಿನ.

ತಂಗಿ ಅಷ್ಟು ಹೊತ್ತೂ ಗೋಡೆಗೆ ಒರಗಿ ನಿಂತಿದ್ದಳು. ಕೊನೆಗೆ ಕೇಳಿದಳು, "ಮಗು ಮೈಯಲ್ಲಿ ಅಷ್ಟೊಂದು ಹರಡೋ ತನಕ ಮೈಗೇ ಗೊತ್ತಾಗಲ್ವಾ ಅಕ್ಕ? ಒಂದು ವಾರ ಏನೂ ಇರಲಿಲ್ಲವಲ್ಲ?"

ನೇರಳಕ್ಕನಿಗೆ ಬಾಯಿಗೆ ಬಂದದ್ದು ಅದೇ ಹಳೆಯ ಪಾಠ. ಅದು ಗೊತ್ತಾಗೋಕೆ ಬಿಡಲ್ಲ, ಸುಳ್ಳು ಕಿವಿಗಳನ್ನ ಬಿಡುತ್ತೆ, ಕೂಗು ಪಕ್ಕದ ಕೋಶಕ್ಕೆ ತಲುಪಲ್ಲ, ಅದರಲ್ಲೂ ಇಸುಬಿನ ಚರ್ಮಕ್ಕೆ ಮೊದಲೇ ತಡೆಯೋ ಶಕ್ತಿ ಕಡಿಮೆ, ಅಂತ ಶುರು ಮಾಡಿದಳು.

"ಅದು ವೈರಸ್ಸು," ಅಂದಳು ತಂಗಿ. "ಅದರ ಕೆಲಸ ಅದು ಮಾಡ್ತು. ನೀನು? ಲಸಿಕೆ ಬೇಡ, ಮಗುಗೆ ತಗುಲುತ್ತೆ ಅಂತ ಬರೆದುಕೊಟ್ಟೋಳು ನೀನೇ ಅಲ್ವಾ? ನನಗೆ ಕೂರಿಸಿಕೊಂಡು ಹೇಳಿದೋಳು ನೀನೇ ಅಲ್ವಾ?"

ಅವತ್ತಿನ ನಂತರ ತಂಗಿ ಅವಳ ಜೊತೆ ಮಾತಾಡಲಿಲ್ಲ. ಜಗಳ ಕೂಡ ಆಡಲಿಲ್ಲ.

ಮಗು ಏಳು ವಾರ ಆಸ್ಪತ್ರೆಯಲ್ಲಿತ್ತು. ಬದುಕಿತು. ಬಲಗಣ್ಣಿನ ಪಾಪೆಯ ಮೇಲೆ ಬಿಳಿ ಪೊರೆಯ ಹಾಗೆ ಕಲೆ ಉಳಿದು ದೃಷ್ಟಿ ಹೋಯಿತು. ಕೆನ್ನೆ, ಕತ್ತಿನ ತುಂಬ ಗುಳಿಗಳು ಉಳಿದವು. ಎರಡು ದಿನ ಮುಂಚೆ ಔಷಧಿ ಸಿಕ್ಕಿದ್ದರೆ ಕಣ್ಣು ಉಳಿಯುತ್ತಿತ್ತಾ ಅಂತ ನೇರಳಕ್ಕ ಡಾಕ್ಟರಮ್ಮನನ್ನು ಕೇಳಿದಳಂತೆ. "ಹೇಳೋಕೆ ಬರಲ್ಲ," ಅಂದರಂತೆ. ಉಳಿಯುತ್ತಿರಲಿಲ್ಲ ಅಂತ ಮಾತ್ರ ಅವರು ಅನ್ನಲಿಲ್ಲ.

ವಿಚಾರಣೆ ಆಯಿತು. ಸರ್ ತಮಗೆ ಏನೂ ಗೊತ್ತೇ ಇರಲಿಲ್ಲ ಅಂದರು. ಶನಿವಾರದ ಫೋನ್ ಬಂದದ್ದು ರಜೆ ಕೇಳೋಕೆ ಅಂದರು. ನನ್ನನ್ನೂ ಕರೆದರು. ಮೂರು ಜನ ಕೂತಿದ್ದರು, ನಡುವಿನವರು ಕನ್ನಡಕ ಒರೆಸಿಕೊಳ್ಳುತ್ತ ಕೇಳಿದರು, "ಆ ದಿನ ಅವರು ಮುಖ್ಯಸ್ಥರ ಕೋಣೆಗೆ ಹೋಗಿದ್ದನ್ನ ನೋಡಿದ್ರಾ? ಏನಾದ್ರೂ ಕೇಳಿಸ್ತಾ?"

ನನ್ನ ಕೆಲಸ ಖಾಯಂ ಆಗುವ ಕಾಗದ ಅದೇ ಸರ್ ಮೇಜಿನ ಮೇಲಿತ್ತು. "ನಾನು ತೊಳೆಯೋ ಕೋಣೆಯಲ್ಲಿದ್ದೆ, ಏನೂ ನೋಡಿಲ್ಲ, ಏನೂ ಕೇಳಿಲ್ಲ," ಅಂದೆ. ಹೇಳಲು ಅರ್ಧ ನಿಮಿಷವೂ ಹಿಡಿಯಲಿಲ್ಲ.

ಅಪಘಾತವನ್ನು ಮುಚ್ಚಿಟ್ಟ ತಪ್ಪಿಗೆ ನೇರಳಕ್ಕನನ್ನು ಕೆಲಸದಿಂದ ತೆಗೆದರು. ಅವಳು ವಾದ ಮಾಡಲಿಲ್ಲ. ಸುಳ್ಳು ಕಿವಿಯ ಸಂಶೋಧನೆ ಮಾರನೇ ವರ್ಷ ದೊಡ್ಡ ಪತ್ರಿಕೆಯಲ್ಲಿ ಬಂತು. ಅದರಲ್ಲಿದ್ದ ಅಂಕಿಗಳಲ್ಲಿ ಮುಕ್ಕಾಲು ಪಾಲು ಅವಳು ಎಣಿಸಿದ್ದು. ಕೊನೆಯಲ್ಲಿ ಸಹಾಯ ಮಾಡಿದವರಿಗೆ ವಂದನೆ ಹೇಳುವ ಜಾಗದಲ್ಲಿ ನನ್ನ ಹೆಸರು ಕೂಡ ಇತ್ತು, ಅವಳದ್ದಿರಲಿಲ್ಲ. ಸರ್ ಈಗ ಇಡೀ ಸಂಸ್ಥೆಯ ನಿರ್ದೇಶಕರು. ಲ್ಯಾಬಿನ ಸುರಕ್ಷತೆ ಬಗ್ಗೆ ಬೇರೆ ಬೇರೆ ಕಡೆ ಭಾಷಣ ಮಾಡಲು ಹೋಗುತ್ತಾರೆ. ಚೆನ್ನಾಗಿ ಮಾತಾಡುತ್ತಾರೆ ಅನ್ನುತ್ತಾರೆ ಕೇಳಿದವರು.

ತಂಗಿಯ ಮನೆಯವರು ಊರಿನ ಇನ್ನೊಂದು ಕೊನೆಗೆ ಮನೆ ಬದಲಾಯಿಸಿದರು. ನೇರಳಕ್ಕ ಒಂದು ಕಾಲೇಜಿನ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ವಿದ್ಯಾರ್ಥಿಗಳ ಪ್ರಾಜೆಕ್ಟ್ ವರದಿಗಳಿಗೆ ಬೈಂಡು ಹಾಕುವ ಕೆಲಸಕ್ಕೆ ಸೇರಿದಳು. ಮೂರು ವರ್ಷ ಅವಳ ಮುಖ ನೋಡುವ ಧೈರ್ಯ ನನಗೆ ಬರಲಿಲ್ಲ. ಆಮೇಲೆ ಒಂದು ದಿನ ಹೋಗಿ, ಬಾಟಲಿ ಜೋಡಿಸುತ್ತ ಎಲ್ಲ ಕೇಳಿಸಿಕೊಂಡಿದ್ದೆ ಅಂತ ಹೇಳಿಬಿಟ್ಟೆ.

ಅವಳು ಹಾಳೆಗಳ ಅಂಚು ಸರಿಮಾಡುತ್ತ, "ಗೊತ್ತು. ಬಾಗಿಲ ಗಾಜಲ್ಲಿ ನಿನ್ನ ನೆರಳು ಕಾಣ್ತಿತ್ತು," ಅಂದಳು.

"ಮತ್ತೆ ವಿಚಾರಣೆಯಲ್ಲಿ ಯಾಕೆ ಹೇಳಲಿಲ್ಲ?"

"ನೀನು ನಿಜ ಹೇಳಿದ್ರೆ ಆ ಸರ್ ಅನ್ನೋನ ಕೆಲಸ ಹೋಗ್ತಿತ್ತು. ಮಗು ಕಣ್ಣು ಬರ್ತಿತ್ತಾ?" ಅಂದು, ನನ್ನ ಮುಖ ಸ್ವಲ್ಪ ಹಗುರಾದದ್ದನ್ನು ಕಂಡಿರಬೇಕು, "ಹಾಗಂತ ನಿನಗೆ ಸಮಾಧಾನ ಆಗ್ಲಿ ಅಂತ ಹೇಳ್ತಿಲ್ಲ ಕುಕ್ಕರ್," ಅಂದಳು.

ಆಮೇಲೆ ನಾನು ತಿಂಗಳಿಗೊಮ್ಮೆ ಹೋಗುತ್ತಿದ್ದೆ. ಹೋದಾಗಲೆಲ್ಲ ಒಂದಿಷ್ಟು ಹೇಳುತ್ತಿದ್ದಳು. ಮನೆಯೊಳಗಿನ ಸಂಗತಿಗಳು ನನಗೆ ತಿಳಿದದ್ದು ಹಾಗೆ.

ಹೋದ ವರ್ಷ ನಾನು ಅಲ್ಲಿದ್ದಾಗಲೇ ಒಬ್ಬ ಹುಡುಗಿ ಅಂಗಡಿ ಮುಂದೆ ಬಂದು ನಿಂತಳು. ಶಾಲೆಯ ಸಮವಸ್ತ್ರ, ಹೆಗಲಿಗೆ ಚೀಲ. ಹದಿಮೂರು ವರ್ಷವಿರಬೇಕು. ಬಲಗಣ್ಣು ನೋಡಿದ ಕೂಡಲೇ ನನಗೆ ಗೊತ್ತಾಯಿತು. ನೇರಳಕ್ಕ ಎದ್ದು ನಿಂತಳು. ಒಳಗೆ ಬಾ ಅನ್ನಲಿಲ್ಲ, ಕರೆಯುವ ಹಕ್ಕು ಇದೆಯೋ ಇಲ್ಲವೋ ಅನ್ನುವ ಹಾಗೆ ಸುಮ್ಮನೆ ನಿಂತಳು.

"ಅಮ್ಮಂಗೆ ಗೊತ್ತಿಲ್ಲ ನಾನು ಬಂದಿರೋದು," ಅಂದಳು ಹುಡುಗಿ. "ಒಂದು ಕೇಳ್ಬೇಕಿತ್ತು ದೊಡ್ಡಮ್ಮ. ಇದು ನಿಮ್ಮ ಕೈಯಿಂದಲೇ ಬಂದಿದ್ದಂತೆ, ಹೌದಾ?"

"ಹೌದು."

"ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಗೊತ್ತಿದ್ದೂ ಎಷ್ಟು ದಿನ ಸುಮ್ಮನಿದ್ರಿ? ಅಪ್ಪ ಎರಡು ದಿನ ಅಂತಾರೆ. ಅಮ್ಮ ನಾಲ್ಕು ಅಂತಾಳೆ."

"ಸೂಜಿ ಚುಚ್ಚಿದ ದಿನದಿಂದ ಎಣಿಸಿದ್ರೆ ಇಪ್ಪತ್ತು," ಅಂದಳು ನೇರಳಕ್ಕ.

ಹುಡುಗಿ ತಲೆ ಆಡಿಸಿದಳು. ಅಳಲಿಲ್ಲ, ಬೈಯಲಿಲ್ಲ. ನಾನು ಪಕ್ಕದ ಅಂಗಡಿಯಿಂದ ಅವಳಿಗೆ ಕುಡಿಯಲು ಏನಾದರೂ ತರುತ್ತೇನೆ ಅಂದೆ. ಬೇಡ, ಬಸ್ ಹೋಗಿಬಿಡುತ್ತೆ ಅಂದಳು. ರಸ್ತೆ ದಾಟುವಾಗ ಬಲಗಡೆಯಿಂದ ಬರುವ ಗಾಡಿ ಕಾಣಲೆಂದು ಇಡೀ ತಲೆಯನ್ನೇ ಆ ಕಡೆಗೆ ತಿರುಗಿಸಿ ನೋಡಿದಳು. ಬಸ್ಸು ಬಂತು, ಹತ್ತಿದಳು. ಅವಳು ಮತ್ತೆ ಬಂದಿಲ್ಲ.